ಹದಿಮೂರೂ ಗೆದ್ದವರು ಸೋತದ್ದೆಲ್ಲಿ?

2023ರ ಡಿಸೆಂಬರ್ 3, ಭಾನುವಾರ. ಅಮೆರಿಕದ ಫ್ಲಾರಿಡಾ ರಾಜ್ಯದ ರಾಜಧಾನಿ ಟಲಹಾಸಿಯಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರು ಟೀವಿಯ ಮುಂದೆ ಕುಳಿತಿದ್ದರು. ಹಿಂದಿನ ರಾತ್ರಿಯಷ್ಟೇ ಅವರು ತಮ್ಮ ಕೂಟದ ಚಾಂಪಿಯನ್ ಪಟ್ಟ ಗೆದ್ದಿದ್ದರು. ಆ ಋತುವಿನಲ್ಲಿ ಆಡಿದ್ದು 13 ಪಂದ್ಯ, ಗೆದ್ದದ್ದೂ 13. ರಾಷ್ಟ್ರೀಯ ಪ್ರಶಸ್ತಿಗಾಗಿ ಸೆಣಸಲಿರುವ ನಾಲ್ಕು ತಂಡಗಳ ಹೆಸರು ಅಂದು ಮಧ್ಯಾಹ್ನ ಪ್ರಕಟವಾಗಬೇಕಿತ್ತು. ಮಿಷಿಗನ್, ವಾಷಿಂಗ್ಟನ್, ಟೆಕ್ಸಾಸ್, ಅಲಬಾಮಾ ಎಂದು ಪಟ್ಟಿ ಮುಗಿಯಿತು. ಫ್ಲಾರಿಡಾ ಸ್ಟೇಟ್‌ಗೆ ಐದನೆಯ ಸ್ಥಾನ. ಐದನೆಯವರಿಗೆ ಅಲ್ಲಿ ಜಾಗವಿರಲಿಲ್ಲ.

ಅದರ ಹಿಂದಿನ ವಾರದ ಪಟ್ಟಿಯಲ್ಲಿ ಇದೇ ತಂಡ ನಾಲ್ಕನೆಯ ಸ್ಥಾನದಲ್ಲಿತ್ತು. ಆನಂತರ ಅದು ಮಾಡಿದ್ದು ಇನ್ನೊಂದು ಪಂದ್ಯ ಗೆದ್ದದ್ದು ಮಾತ್ರ. ಎಂಟನೆಯ ಸ್ಥಾನದಲ್ಲಿದ್ದ, ಋತುವಿನಲ್ಲಿ ಒಂದು ಪಂದ್ಯ ಸೋತಿದ್ದ ಅಲಬಾಮಾ ನಾಲ್ಕಕ್ಕೆ ಏರಿತು. ಏಳನೆಯ ಸ್ಥಾನದಲ್ಲಿದ್ದ, ಅದೂ ಒಂದು ಪಂದ್ಯ ಸೋತಿದ್ದ ಟೆಕ್ಸಾಸ್ ಮೂರಕ್ಕೆ ಬಂತು. ಐದು ಪ್ರಬಲ ಕೂಟಗಳಲ್ಲೊಂದರ ಚಾಂಪಿಯನ್ ಆಗಿ, ಒಂದೂ ಪಂದ್ಯ ಸೋಲದೆ, ಪ್ಲೇ-ಆಫ್‌ನಿಂದ ಹೊರಗುಳಿದ ತಂಡ ಅದಕ್ಕಿಂತ ಮೊದಲು ಯಾವುದೂ ಇರಲಿಲ್ಲ.

ದೂರದ ದೇಶದ, ನಮ್ಮಲ್ಲಿ ಯಾರೂ ಆಡದ ಆಟವೊಂದರ ಈ ಪ್ರಕರಣವನ್ನು ಇಂದು ಕೆದಕುವುದೇಕೆ ಎಂದು ಓದುಗರು ಕೇಳಬಹುದು. ಮಕ್ಕಳು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವ ಮನೆಗಳಲ್ಲಿ ಈ ಹೆಸರುಗಳು ಅಪರಿಚಿತವಲ್ಲ ಎಂಬುದೊಂದು ಉತ್ತರ. ಆದರೆ ಮುಖ್ಯ ಕಾರಣ ಬೇರೆ. ಆ ಭಾನುವಾರದ ನಿರ್ಧಾರದ ಪರಿಣಾಮಗಳು ಮೈದಾನದ ಗೆರೆ ದಾಟಿ ರಾಜ್ಯಪಾಲರ ಕಚೇರಿಗೆ, ಎರಡು ರಾಜ್ಯಗಳ ನ್ಯಾಯಾಲಯಗಳಿಗೆ, ಕೊನೆಗೆ ವಿಶ್ವವಿದ್ಯಾಲಯಗಳು ತಮ್ಮತಮ್ಮಲ್ಲಿ ಹಣ ಹಂಚಿಕೊಳ್ಳುವ ಸೂತ್ರಕ್ಕೂ ಹರಡಿದವು. ಆಟದ ಫಲಿತಾಂಶಕ್ಕಿಂತ ಆಟವನ್ನು ನೋಡುವವರ ಸಂಖ್ಯೆ ದೊಡ್ಡದಾದಾಗ ಕ್ರೀಡೆಯೊಂದು ಏನಾಗುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ನಿದರ್ಶನ ಸುಲಭಕ್ಕೆ ಸಿಗುವುದಿಲ್ಲ.

ಮೊದಲು ಈ ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳಬೇಕು. ನಮ್ಮಲ್ಲಿ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟವೆಂದರೆ ಖಾಲಿ ಗ್ಯಾಲರಿ, ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ ನಾಲ್ಕು ಸಾಲು. ಟಲಹಾಸಿಯ ಡೋಕ್ ಕ್ಯಾಂಪ್‌ಬೆಲ್ ಕ್ರೀಡಾಂಗಣದಲ್ಲಿ 2023ರಲ್ಲಿ ಸುಮಾರು 80 ಸಾವಿರ ಆಸನಗಳಿದ್ದವು. ಅಮೆರಿಕದ ಎಷ್ಟೋ ಊರುಗಳಲ್ಲಿ ವೃತ್ತಿಪರ ತಂಡವಿಲ್ಲ. ಊರಿನ ವಿಶ್ವವಿದ್ಯಾಲಯದ ತಂಡವೇ ಊರಿನ ತಂಡ. ಶರತ್ಕಾಲದ ಶನಿವಾರಗಳೆಂದರೆ ಅಲ್ಲಿ ಜಾತ್ರೆಯ ದಿನಗಳೇ. ಪದವಿ ಮುಗಿಸಿ ನಲವತ್ತು ವರ್ಷವಾದವರೂ ಹಳೆಯ ಬಣ್ಣದ ಅಂಗಿ ತೊಟ್ಟು ಬರುತ್ತಾರೆ. ವಿಶ್ವವಿದ್ಯಾಲಯಕ್ಕೆ ದೇಣಿಗೆ ಕೊಡುವವರು ಇವರೇ, ಆ ರಾಜ್ಯದ ಶಾಸನಸಭೆಯಲ್ಲಿ ಕುಳಿತವರೂ ಬಹುಪಾಲು ಇವರೇ.

ಉನ್ನತ ಹಂತದಲ್ಲಿ ಆಡುವ ತಂಡಗಳು 130ಕ್ಕೂ ಹೆಚ್ಚು. ಮೈಮೇಲೆ ಬಿದ್ದು ಆಡುವ ಆಟವಾದ್ದರಿಂದ ವಾರಕ್ಕೊಂದೇ ಪಂದ್ಯ. ಒಂದು ಋತುವಿಗೆ ಹನ್ನೆರಡು, ಕೂಟದ ಫೈನಲ್ ತಲುಪಿದರೆ ಹದಿಮೂರು. ಹೀಗಿರುವಾಗ ಎಲ್ಲರೂ ಎಲ್ಲರೊಡನೆ ಆಡುವ ಪ್ರಶ್ನೆಯೇ ಇಲ್ಲ. ಹೀಗಾಗಿ ಇಲ್ಲಿ ಚಾಂಪಿಯನ್ ಯಾರೆಂಬುದು ಎಂದೂ ಸ್ವಲ್ಪಮಟ್ಟಿಗೆ ಅಭಿಪ್ರಾಯದ ಮಾತೇ ಆಗಿತ್ತು. 1936ರಿಂದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಪತ್ರಕರ್ತರ ಮತ ಪಡೆದು ಶ್ರೇಯಾಂಕ ಪ್ರಕಟಿಸುತ್ತ ಬಂತು. 1998ರಲ್ಲಿ ಗಣಕಯಂತ್ರದ ಲೆಕ್ಕವನ್ನೂ ಮತದಾನವನ್ನೂ ಬೆರೆಸಿ ಎರಡು ತಂಡಗಳನ್ನು ಆರಿಸುವ ಪದ್ಧತಿ ಬಂತು. ಅದರಲ್ಲಿ 2004ರಲ್ಲಿ ಆಬರ್ನ್ ತಂಡ ಅಜೇಯವಾಗಿದ್ದೂ ಫೈನಲ್‌ನಿಂದ ಹೊರಗುಳಿಯಿತು. 2014ರಿಂದ ನಾಲ್ಕು ತಂಡಗಳ ಪ್ಲೇ-ಆಫ್. ಆ ನಾಲ್ವರನ್ನು ಆರಿಸುವುದು 13 ಸದಸ್ಯರ ಸಮಿತಿ. ವಿಶ್ವವಿದ್ಯಾಲಯಗಳ ಕ್ರೀಡಾ ನಿರ್ದೇಶಕರು, ಮಾಜಿ ತರಬೇತುದಾರರು ಮತ್ತು ಆಟಗಾರರು ಅದರಲ್ಲಿರುತ್ತಾರೆ. ಟೆಕ್ಸಾಸ್‌ನ ಗ್ರೇಪ್‌ವೈನ್ ಎಂಬ ಊರಿನ ಹೋಟೆಲೊಂದರಲ್ಲಿ ಬಾಗಿಲು ಮುಚ್ಚಿಕೊಂಡು ಸಭೆ ನಡೆಸುತ್ತಾರೆ.

ಇನ್ನು ಆ ಋತುವಿನ ಮಾತು. ಫ್ಲಾರಿಡಾ ಸ್ಟೇಟ್ 1993, 1999 ಮತ್ತು 2013ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಹಳೆಯ ಮನೆತನ. ಆನಂತರ ಸೊರಗಿತ್ತು. 2020ರಲ್ಲಿ ಮೈಕ್ ನಾರ್ವೆಲ್ ಮುಖ್ಯ ತರಬೇತುದಾರರಾಗಿ ಬಂದಾಗ ಮೊದಲ ವರ್ಷ ಮೂರು ಗೆಲುವು, ಎರಡನೆಯ ವರ್ಷ ಐದು. ಲೂಯಿವಿಲ್ ವಿಶ್ವವಿದ್ಯಾಲಯದಿಂದ ವಲಸೆ ಬಂದಿದ್ದ ಜೋರ್ಡನ್ ಟ್ರಾವಿಸ್ ಎಂಬ ಯುವಕ ನಿಧಾನವಾಗಿ ತಂಡದ ಕ್ವಾರ್ಟರ್‌ಬ್ಯಾಕ್ ಆಗಿ ಬೆಳೆದ. ಕ್ವಾರ್ಟರ್‌ಬ್ಯಾಕ್ ಎಂದರೆ ತಂಡ ದಾಳಿಗಿಳಿದಾಗಲೆಲ್ಲ ಚೆಂಡನ್ನು ಮೊದಲು ಕೈಗೆ ತೆಗೆದುಕೊಂಡು ಯಾರಿಗೆ ಎಸೆಯಬೇಕು, ಯಾರ ಕೈಗಿಡಬೇಕು ಎಂದು ತೀರ್ಮಾನಿಸುವವನು. ಕ್ರಿಕೆಟ್‌ನಲ್ಲಿ ಇಂಥ ಸ್ಥಾನವಿಲ್ಲ. ನಾಯಕ, ಆರಂಭಿಕ ಬ್ಯಾಟ್ಸ್‌ಮನ್, ವಿಕೆಟ್ ಕೀಪರ್ ಮೂರನ್ನೂ ಒಬ್ಬನ ಮೇಲೆ ಹೊರಿಸಿದಂತೆ ಎಂದರೆ ಅಂದಾಜು ಸಿಗಬಹುದು.

2023ರ ಸೆಪ್ಟೆಂಬರ್ 3ರಂದು ಒರ್ಲ್ಯಾಂಡೊದಲ್ಲಿ ಲೂಸಿಯಾನ ಸ್ಟೇಟ್ ತಂಡವನ್ನು 45-24ರಿಂದ ಸೋಲಿಸಿ ಫ್ಲಾರಿಡಾ ಸ್ಟೇಟ್ ಋತುವನ್ನು ಆರಂಭಿಸಿತು. ಮೂರು ವಾರದ ನಂತರ ಕ್ಲೆಮ್ಸನ್ ತಂಡವನ್ನು ಅದರದೇ ಅಂಗಳದಲ್ಲಿ, ಹೆಚ್ಚುವರಿ ಅವಧಿಯಲ್ಲಿ, 31-24ರಿಂದ ಮಣಿಸಿತು. ಅದಕ್ಕೆ ಮುನ್ನ ಕ್ಲೆಮ್ಸನ್ ಎದುರು ಸತತ ಏಳು ಸೋಲುಂಡಿತ್ತು. ಅಲ್ಲಿಂದ ಮುಂದೆ ವಾರದಿಂದ ವಾರಕ್ಕೆ ಗೆಲುವೇ. ನವೆಂಬರ್ 18ರಂದು ನಾರ್ತ್ ಅಲಬಾಮಾ ಎಂಬ ಕೆಳಹಂತದ ತಂಡದ ವಿರುದ್ಧ ಗೆಲುವಿನ ಬಗ್ಗೆ ಯಾರಿಗೂ ಸಂಶಯವಿರದಿದ್ದ ಪಂದ್ಯದಲ್ಲಿ ಟ್ರಾವಿಸ್ ಎಡಗಾಲಿಗೆ ತೀವ್ರ ಪೆಟ್ಟಾಯಿತು. ಕಾಲೇಜು ಮಟ್ಟದ ಅವನ ಆಟ ಅಲ್ಲಿಗೆ ಮುಗಿಯಿತು.

ಮುಂದಿನ ವಾರ ಎರಡನೆಯ ಆಯ್ಕೆಯ ಟೇಟ್ ರೋಡ್‌ಮೇಕರ್ ಕಣಕ್ಕಿಳಿದು ಸಾಂಪ್ರದಾಯಿಕ ಎದುರಾಳಿ ಫ್ಲಾರಿಡಾ ವಿಶ್ವವಿದ್ಯಾಲಯದ ವಿರುದ್ಧ 24-15ರಿಂದ ಗೆಲ್ಲಿಸಿದ. ಅದೇ ಪಂದ್ಯದಲ್ಲಿ ತಲೆಗೆ ಪೆಟ್ಟು ತಿಂದ. ಹೀಗಾಗಿ ಡಿಸೆಂಬರ್ 2ರಂದು ಲೂಯಿವಿಲ್ ವಿರುದ್ಧದ ಕೂಟದ ಫೈನಲ್‌ನಲ್ಲಿ ಚೆಂಡು ಹಿಡಿದದ್ದು ಮೂರನೆಯ ಆಯ್ಕೆಯ ಬ್ರಾಕ್ ಗ್ಲೆನ್, ಮೊದಲ ವರ್ಷದ ವಿದ್ಯಾರ್ಥಿ. ಅವನ ಎಸೆತಗಳಲ್ಲಿ ಗುರಿ ತಲುಪಿದ್ದು ಅರ್ಧಕ್ಕಿಂತಲೂ ಕಡಿಮೆ. ಆದರೆ ಕಾಯುವ ಪಡೆ ಎದುರಾಳಿಗೆ ಆರೇ ಅಂಕ ಬಿಟ್ಟುಕೊಟ್ಟಿತು. 16-6ರ ಗೆಲುವು. ನೋಡುವುದಕ್ಕೆ ಅಂದವಾದ ಪಂದ್ಯವಲ್ಲ, ಒಪ್ಪೋಣ.

ಸಮಿತಿಯ ಅಧ್ಯಕ್ಷರಾಗಿದ್ದ, ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕ ಬೂ ಕೋರಿಗನ್ ಕೊಟ್ಟ ವಿವರಣೆಯ ಸಾರ ಇಷ್ಟು: ಟ್ರಾವಿಸ್ ಇಲ್ಲದ ಈ ತಂಡ ಮೊದಲ ಹನ್ನೊಂದು ವಾರ ನಾವು ಕಂಡ ತಂಡವಲ್ಲ. ಇದು ಅವರು ಆ ಗಳಿಗೆಯಲ್ಲಿ ಹುಟ್ಟಿಸಿಕೊಂಡ ಸಬೂಬೇನೂ ಅಲ್ಲ. ಮುಖ್ಯ ಆಟಗಾರರ ಅಲಭ್ಯತೆಯು ತಂಡದ ಮುಂದಿನ ಪ್ರದರ್ಶನದ ಮೇಲೆ ಬೀರಬಹುದಾದ ಪರಿಣಾಮವನ್ನು ಪರಿಗಣಿಸಬಹುದು ಎಂಬ ಮಾತು ಸಮಿತಿಯ ಲಿಖಿತ ಮಾರ್ಗಸೂಚಿಯಲ್ಲೇ ಇತ್ತು. ತಕರಾರಿರುವುದು ಆ ಮಾತಿನ ಬಗ್ಗೆಯೇ. ಆಡಿದ ಆಟಕ್ಕೆ ಫಲ ಕೊಡುವುದು ಒಂದು ಕೆಲಸ, ಮುಂದೆ ಹೇಗೆ ಆಡಬಹುದೆಂದು ಭವಿಷ್ಯ ನುಡಿಯುವುದು ಇನ್ನೊಂದು. ಎರಡನ್ನೂ ಒಂದೇ ಸಮಿತಿಯ ಕೈಗಿತ್ತು, ಯಾವುದಕ್ಕೆ ಎಷ್ಟು ತೂಕವೆಂದು ಹೇಳದೆ ಬಿಟ್ಟರೆ, ಸಮಿತಿ ತನಗೆ ಬೇಕಾದಾಗ ಬೇಕಾದ ತಕ್ಕಡಿಯನ್ನು ಎತ್ತಿಕೊಳ್ಳುತ್ತದೆ.

ನಮ್ಮ ಅನುಭವಕ್ಕೆ ಇಳಿಸಿ ನೋಡೋಣ. ರಣಜಿ ಟ್ರೋಫಿಯ ಲೀಗ್ ಹಂತದಲ್ಲಿ ಎಲ್ಲ ಪಂದ್ಯ ಗೆದ್ದ ಕರ್ನಾಟಕ ತಂಡವನ್ನು, ಮುಖ್ಯ ಬ್ಯಾಟ್ಸ್‌ಮನ್ ಬೆರಳು ಮುರಿದುಕೊಂಡಿದ್ದಾನೆ ಎಂಬ ಕಾರಣಕ್ಕೆ ಕ್ವಾರ್ಟರ್ ಫೈನಲ್‌ನಿಂದ ಕೈಬಿಟ್ಟು ಮುಂಬೈಗೆ ಜಾಗ ಕೊಟ್ಟರೆ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತಮುತ್ತ ಏನೆಲ್ಲ ಮಾತು ಕೇಳಿಬರಬಹುದು! 2019ರ ವಿಶ್ವಕಪ್ ಫೈನಲ್‌ನಲ್ಲಿ ಪಂದ್ಯವೂ ಸೂಪರ್ ಓವರೂ ಸಮಬಲವಾದಾಗ ಬೌಂಡರಿಗಳನ್ನು ಎಣಿಸಿ ಇಂಗ್ಲೆಂಡ್‌ಗೆ ಕಪ್ ಕೊಟ್ಟದ್ದನ್ನು ನಾವೆಲ್ಲ ಹಳಿದೆವು. ಐಸಿಸಿ ಆ ನಿಯಮವನ್ನು ಅದೇ ವರ್ಷ ಕೈಬಿಟ್ಟಿತು. ಆದರೂ ಅದು ಮೊದಲೇ ಬರೆದಿಟ್ಟ ನಿಯಮ. ನ್ಯೂಜಿಲೆಂಡ್ ಆಟಗಾರರು ಬಯಸಿದ್ದರೆ ಇನ್ನಷ್ಟು ಬೌಂಡರಿ ಹೊಡೆಯಲು ಯತ್ನಿಸಬಹುದಿತ್ತು. ಟಲಹಾಸಿಯ ಆಟಗಾರರು ತಮ್ಮ ಕೈಯಲ್ಲಿದ್ದ ಯಾವ ಕೆಲಸವನ್ನು ಮಾಡದೆ ಬಿಟ್ಟಿದ್ದರು?

ಸಮಿತಿಯ ಪರವಾಗಿ ಹೇಳಬೇಕಾದ ಮಾತೂ ಇದೆ, ಅದನ್ನು ಮುಚ್ಚಿಡಬಾರದು. ಪ್ಲೇ-ಆಫ್ ಆರಂಭವಾದ 2014ರಲ್ಲೇ ಇಂಥದೊಂದು ಪ್ರಸಂಗ ಎದುರಾಗಿತ್ತು. ಒಹಾಯೊ ಸ್ಟೇಟ್ ತಂಡದ ಮೊದಲ ಕ್ವಾರ್ಟರ್‌ಬ್ಯಾಕ್ ಋತುವಿಗೆ ಮುನ್ನವೇ ಗಾಯಗೊಂಡಿದ್ದ. ಎರಡನೆಯವನು ನವೆಂಬರ್ ಕೊನೆಯಲ್ಲಿ ಕಾಲು ಮುರಿದುಕೊಂಡ. ಮೂರನೆಯವನಾದ ಕಾರ್ಡೇಲ್ ಜೋನ್ಸ್ ಕೂಟದ ಫೈನಲ್‌ನಲ್ಲಿ ವಿಸ್ಕಾನ್ಸಿನ್ ತಂಡವನ್ನು 59-0ರಿಂದ ಚಚ್ಚಿಹಾಕಿದ. ಸಮಿತಿ ಅವರಿಗೆ ನಾಲ್ಕನೆಯ ಸ್ಥಾನ ಕೊಟ್ಟಿತು. ಅದೇ ತಂಡ ಅಲಬಾಮಾವನ್ನೂ ಒರೆಗಾನ್ ತಂಡವನ್ನೂ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. 59-0 ಎಲ್ಲಿ, 16-6 ಎಲ್ಲಿ ಎಂದು ಸಮಿತಿಯವರು ಕೇಳಿದರೆ ಅದರಲ್ಲಿ ತರ್ಕವಿಲ್ಲವೆನ್ನಲಾಗದು. ಅದೇ 2014ರಲ್ಲಿ ಅಜೇಯವಾಗಿ ಪ್ಲೇ-ಆಫ್ ಸೇರಿದ ಫ್ಲಾರಿಡಾ ಸ್ಟೇಟ್, ಒರೆಗಾನ್ ಕೈಯಲ್ಲಿ 59-20ರಿಂದ ಪೆಟ್ಟು ತಿಂದದ್ದೂ ನಿಜ. ಅಲಬಾಮಾವನ್ನು ಆರಿಸಿದ್ದೂ ಕುರುಡು ಊಹೆಯಾಗಿರಲಿಲ್ಲ. ಅದು ಎರಡು ವರ್ಷದ ಚಾಂಪಿಯನ್ ಜಾರ್ಜಿಯಾವನ್ನು ತನ್ನ ಕೂಟದ ಫೈನಲ್‌ನಲ್ಲಿ ಸೋಲಿಸಿತ್ತು. 2024ರ ಜನವರಿ 1ರಂದು ಮುಂದೆ ಚಾಂಪಿಯನ್ ಆಗಲಿದ್ದ ಮಿಷಿಗನ್ ತಂಡವನ್ನು ಹೆಚ್ಚುವರಿ ಅವಧಿಯ ತನಕ ಎಳೆದೊಯ್ಯಿತು. ಭವಿಷ್ಯವಾಣಿಯಾಗಿ ಸಮಿತಿಯ ನಿರ್ಧಾರ ಕೆಟ್ಟದ್ದಲ್ಲ. ನ್ಯಾಯವಾಗಿ ಮಾತ್ರ ಕೆಟ್ಟದ್ದು.

ಇದಾದ ಮೇಲೆ ಡಿಸೆಂಬರ್ 30ರ ಆರೆಂಜ್ ಬೌಲ್. ಪ್ಲೇ-ಆಫ್‌ಗೆ ಆಯ್ಕೆಯಾಗದ ಫ್ಲಾರಿಡಾ ಸ್ಟೇಟ್ ಮತ್ತು ಜಾರ್ಜಿಯಾ ನಡುವಿನ ಪಂದ್ಯ. ಫಲಿತಾಂಶ 63-3. ಇಂಥ ‘ಬೌಲ್’ ಪಂದ್ಯಗಳ ಚರಿತ್ರೆಯಲ್ಲಿ ಅಷ್ಟು ದೊಡ್ಡ ಅಂತರದ ಸೋಲು ಹಿಂದೆ ಆಗಿರಲಿಲ್ಲ. ನೋಡಿದಿರಾ, ಸಮಿತಿ ಹೇಳಿದ್ದು ಸರಿಯಾಯಿತಲ್ಲ ಎಂದು ವ್ಯಾಖ್ಯಾನಕಾರರು ಬೀಗಿದರು. ಆದರೆ ಅಂದು ಮೈದಾನಕ್ಕಿಳಿದ ತಂಡ ಯಾವುದು? ಪ್ರಶಸ್ತಿಯ ಆಸೆ ಕಳೆದುಕೊಂಡ ಮೇಲೆ ಇಪ್ಪತ್ತಕ್ಕೂ ಹೆಚ್ಚು ಆಟಗಾರರು ಹಿಂದೆ ಸರಿದಿದ್ದರು. ವೃತ್ತಿಪರ ಲೀಗ್‌ನ ಕರೆಗೆ ಕಾದಿದ್ದವರು ಅರ್ಥವಿಲ್ಲದ ಪಂದ್ಯದಲ್ಲಿ ಮಂಡಿ ಮುರಿದುಕೊಳ್ಳಲು ಸಿದ್ಧರಿರಲಿಲ್ಲ. ಕೆಲವರು ಬೇರೆ ವಿಶ್ವವಿದ್ಯಾಲಯಗಳತ್ತ ಹೊರಟಿದ್ದರು. ಗುಣಮುಖನಾಗಿ ಮರಳಬೇಕಿದ್ದ ರೋಡ್‌ಮೇಕರ್ ಕೂಡ ವಲಸೆಯ ಪಟ್ಟಿಯಲ್ಲಿ ಹೆಸರು ಬರೆಸಿದ್ದ. ಔಷಧ ಕೊಡದೆ ರೋಗಿ ಸತ್ತ ಮೇಲೆ, ಅವನು ಬದುಕುವವನಲ್ಲ ಎಂದು ನಾನು ಹೇಳಿರಲಿಲ್ಲವೇ ಎನ್ನುವ ವೈದ್ಯನ ವಾದ ಇದು. 63-3 ಸಮಿತಿಯ ನಿರ್ಧಾರಕ್ಕೆ ಸಾಕ್ಷಿಯಲ್ಲ, ಅದರ ಪರಿಣಾಮ.

ಟೀವಿಯ ಹುನ್ನಾರವೆಂಬ ಆರೋಪವೂ ಬಂತು. ಪ್ಲೇ-ಆಫ್ ಪ್ರಸಾರದ ಹಕ್ಕು ಇಎಸ್‌ಪಿಎನ್ ವಾಹಿನಿಯದು. ಅಲಬಾಮಾ ಆಡುವ ಆಗ್ನೇಯ ಕೂಟದ ಪ್ರಸಾರವೆಲ್ಲ 2024ರಿಂದ ಅದೇ ಬಳಗಕ್ಕೆ ಸೇರಲಿತ್ತು. ಹಾಗಾಗಿ ಅಲಬಾಮಾವನ್ನು ಒಳಗೆ ತಂದರೆಂಬುದು ಅಭಿಮಾನಿಗಳ ಸಿದ್ಧಾಂತ. ಫ್ಲಾರಿಡಾ ಸ್ಟೇಟ್ ಆಡುವ ಅಟ್ಲಾಂಟಿಕ್ ಕೋಸ್ಟ್ ಕೂಟದ ಪ್ರಸಾರವೂ ಇದೇ ವಾಹಿನಿಯ ಕೈಯಲ್ಲಿದೆ ಎಂಬುದನ್ನು ಅವರು ಮರೆತರು. ಸಂಚಿಗೆ ಪುರಾವೆ ಸಿಕ್ಕಿಲ್ಲ. ನನಗೆ ತೋರುವಂತೆ ಸಂಚಿನ ಅಗತ್ಯವೂ ಇರಲಿಲ್ಲ. ಅತ್ಯುತ್ತಮ ತಂಡಗಳ ಆಟವೆಂದು ಮಾರಾಟವಾಗುವ ಕಾರ್ಯಕ್ರಮಕ್ಕೆ ಮೂರನೆಯ ಆಯ್ಕೆಯ ಹುಡುಗನೊಬ್ಬ ಬಂದು ನಿಂತರೆ ಚೆನ್ನಾಗಿ ಕಾಣದು ಎಂಬ ಯೋಚನೆ ಯಾರ ಆಜ್ಞೆಯೂ ಇಲ್ಲದೆ ಕೋಣೆಯಲ್ಲಿದ್ದವರ ಮನಸ್ಸಿಗೆ ತಾನಾಗಿ ಬರುತ್ತದೆ. ದೊಡ್ಡ ಹಣದ ಪ್ರಭಾವ ಸಾಮಾನ್ಯವಾಗಿ ಲಂಚದ ರೂಪದಲ್ಲಿರುವುದಿಲ್ಲ, ಅಭಿರುಚಿಯ ರೂಪದಲ್ಲಿರುತ್ತದೆ.

ರಾಜಕಾರಣಿಗಳು ಸುಮ್ಮನಿರುವುದುಂಟೆ? ಆಗ ಅಧ್ಯಕ್ಷ ಪದವಿಯ ಉಮೇದುವಾರಿಕೆಗೆ ಓಡಾಡುತ್ತಿದ್ದ ಫ್ಲಾರಿಡಾ ರಾಜ್ಯಪಾಲ ರಾನ್ ಡಿಸ್ಯಾಂಟಿಸ್ ಎರಡೇ ದಿನಗಳಲ್ಲಿ ತಮ್ಮ ಆಯವ್ಯಯ ಪ್ರಸ್ತಾವದಲ್ಲಿ ಈ ವ್ಯಾಜ್ಯಕ್ಕೆಂದು 10 ಲಕ್ಷ ಡಾಲರ್ ತೆಗೆದಿಡುವುದಾಗಿ ಘೋಷಿಸಿದರು. (ಅಮೆರಿಕದ ರಾಜ್ಯಪಾಲರು ನಮ್ಮ ಮುಖ್ಯಮಂತ್ರಿಗಳಂತೆ ಚುನಾಯಿತರು ಎಂಬುದನ್ನು ನೆನಪಿಸಬೇಕು.) ಸೆನೆಟರ್ ರಿಕ್ ಸ್ಕಾಟ್ ಸಮಿತಿಯ ಕಾಗದಪತ್ರಗಳನ್ನು ಕೇಳಿ ಪತ್ರ ಬರೆದರು. ರಾಜ್ಯದ ಅಟಾರ್ನಿ ಜನರಲ್ ಆಶ್ಲಿ ಮೂಡಿ, ಏಕಸ್ವಾಮ್ಯ ವಿರೋಧಿ ಕಾನೂನಿನಡಿ ತನಿಖೆಗೆ ಇಳಿದರು. ಸಾರ್ವಜನಿಕರ ತೆರಿಗೆ ಹಣವನ್ನು ಫುಟ್‌ಬಾಲ್ ಶ್ರೇಯಾಂಕದ ಮೇಲೆ ಖರ್ಚು ಮಾಡುವ ಬಗ್ಗೆ ಯಾವ ಪಕ್ಷದಿಂದಲೂ ದೊಡ್ಡ ಆಕ್ಷೇಪ ಏಳಲಿಲ್ಲ.

ಆದರೆ ನಿಜವಾದ ಮೊಕದ್ದಮೆ ಸಮಿತಿಯ ವಿರುದ್ಧ ಆಗಲಿಲ್ಲ. ಡಿಸೆಂಬರ್ 22ರಂದು ಫ್ಲಾರಿಡಾ ಸ್ಟೇಟ್‌ನ ಟ್ರಸ್ಟಿಗಳ ಮಂಡಳಿ ದಾವೆ ಹೂಡಿದ್ದು ತಾನೇ ಸದಸ್ಯನಾಗಿರುವ ಅಟ್ಲಾಂಟಿಕ್ ಕೋಸ್ಟ್ ಕೂಟದ ಮೇಲೆ. ಇದರ ಸುಳಿವು ಹಿಡಿದ ಕೂಟ ಒಂದು ದಿನ ಮೊದಲೇ ನಾರ್ತ್ ಕೆರೊಲಿನಾದ ನ್ಯಾಯಾಲಯಕ್ಕೆ ಹೋಗಿತ್ತು. ಅಜೇಯ ಋತುವಿನ ನೋವನ್ನು ಒಂದು ಕ್ಷಣ ಬದಿಗಿಟ್ಟು ಈ ದಾವೆಯ ಹಿನ್ನೆಲೆ ನೋಡಬೇಕು.

ಪ್ಲೇ-ಆಫ್‌ನ ಅನ್ಯಾಯಕ್ಕೆ ನಾಲ್ಕು ತಿಂಗಳು ಮೊದಲೇ, 2023ರ ಆಗಸ್ಟ್‌ನಲ್ಲಿ, ವಿಶ್ವವಿದ್ಯಾಲಯದ ಅಧ್ಯಕ್ಷ ರಿಚರ್ಡ್ ಮೆಕಲೊ ಟ್ರಸ್ಟಿಗಳ ಸಭೆಯಲ್ಲಿ, ಆದಾಯ ಹಂಚಿಕೆ ಆಮೂಲಾಗ್ರವಾಗಿ ಬದಲಾಗದಿದ್ದರೆ ಕೂಟ ಬಿಡುವುದನ್ನು ಗಂಭೀರವಾಗಿ ಯೋಚಿಸಬೇಕಾಗುತ್ತದೆ ಎಂದಿದ್ದರು. ಆಗ್ನೇಯ ಕೂಟ ಮತ್ತು ಬಿಗ್ ಟೆನ್ ಕೂಟಗಳ ಸದಸ್ಯರಿಗೆ ಸಿಗುವ ಟೀವಿ ಹಣಕ್ಕೂ ತಮಗೆ ಸಿಗುವುದಕ್ಕೂ ವರ್ಷಕ್ಕೆ ಸುಮಾರು 3 ಕೋಟಿ ಡಾಲರ್ ಅಂತರ ಬೀಳಲಿದೆ ಎಂಬುದು ಕ್ರೀಡಾ ನಿರ್ದೇಶಕ ಮೈಕಲ್ ಆಲ್‌ಫರ್ಡ್ ಅದೇ ವರ್ಷ ಮಂಡಿಸಿದ ಲೆಕ್ಕ. ಆದರೆ 2036ರವರೆಗೆ ತನ್ನ ಪಂದ್ಯಗಳ ಪ್ರಸಾರದ ಹಕ್ಕನ್ನು ಕೂಟಕ್ಕೆ ಬರೆದುಕೊಟ್ಟವರೂ ಇವರೇ. ಬಿಡಬೇಕೆಂದರೆ ತೆರಬೇಕಾದ ಒಟ್ಟು ಬೆಲೆ 57.2 ಕೋಟಿ ಡಾಲರ್ ಎಂದು ವಿಶ್ವವಿದ್ಯಾಲಯದ ದಾವೆಯೇ ಹೇಳಿಕೊಂಡಿತು. ಡಿಸೆಂಬರ್ 3ರ ಅವಮಾನ ಈ ಹಳೆಯ ಜಗಳಕ್ಕೆ ಹೊಸ ಕಿಚ್ಚು ಕೊಟ್ಟಿತು: ಹದಿಮೂರೂ ಗೆದ್ದರೂ ಸಾಲದು ಎಂದ ಮೇಲೆ ಈ ಕೂಟದಲ್ಲಿ ಇರುವುದೇಕೆ? ಆಟಗಾರರ ಸಂಕಟ ಪ್ರಾಮಾಣಿಕವಾದದ್ದು. ಅದನ್ನು ಆಡಳಿತ ಮಂಡಳಿ ಬಳಸಿಕೊಂಡ ರೀತಿಯ ಬಗ್ಗೆ ಅದೇ ಮಾತನ್ನು ಹೇಳಲು ನನಗೆ ಸಾಧ್ಯವಾಗುವುದಿಲ್ಲ.

ಆ ವರ್ಷದ ಬೇಸಿಗೆಯ ಇನ್ನೊಂದು ವಿದ್ಯಮಾನವನ್ನು ಇಲ್ಲಿ ನೆನೆಯಬೇಕು. ಪೆಸಿಫಿಕ್ ತೀರದ ‘ಪ್ಯಾಕ್-12’ ಎಂಬ ಹಳೆಯ ಕೂಟ ಟೀವಿ ಒಪ್ಪಂದ ಕುದುರದೆ ಕೆಲವೇ ವಾರಗಳಲ್ಲಿ ಒಡೆದುಹೋಯಿತು. ಒಬ್ಬೊಬ್ಬರೂ ಒಂದೊಂದು ದಿಕ್ಕಿಗೆ ಓಡಿದರು. ಬೆಂಗಳೂರಿನ ಸಾಫ್ಟ್‌ವೇರ್ ಮನೆಗಳಿಗೆ ಚಿರಪರಿಚಿತವಾದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಎರಡೂ ಆಶ್ರಯ ಪಡೆದದ್ದು ಅಟ್ಲಾಂಟಿಕ್ ಕೋಸ್ಟ್ ಕೂಟದಲ್ಲಿ. ಹೆಸರಿನಲ್ಲಿ ಅಟ್ಲಾಂಟಿಕ್ ಕರಾವಳಿ, ಸದಸ್ಯರು ಪೆಸಿಫಿಕ್ ಕರಾವಳಿಯವರು! ಫ್ಲಾರಿಡಾ ಸ್ಟೇಟ್ ಈ ಸೇರ್ಪಡೆಯ ವಿರುದ್ಧ ಮತ ಹಾಕಿತ್ತು. ಫುಟ್‌ಬಾಲ್ ಒಂದನ್ನೇ ನೋಡಿ ಮಾಡಿದ ಈ ಪುನರ್ವಿಂಗಡಣೆಯಿಂದ ವಾಲಿಬಾಲ್, ಈಜು, ಓಟದ ವಿದ್ಯಾರ್ಥಿಗಳೂ ಪರೀಕ್ಷೆಯ ವಾರಗಳಲ್ಲಿ ಖಂಡದ ಒಂದು ಅಂಚಿನಿಂದ ಇನ್ನೊಂದಕ್ಕೆ ವಿಮಾನದಲ್ಲಿ ಅಲೆಯಬೇಕಾಯಿತು. ಅವರ ಹಿತವನ್ನು ಯಾವ ಒಪ್ಪಂದದಲ್ಲಿ ಯಾರು ಪರಿಗಣಿಸಿದರು ಎಂಬ ಪ್ರಶ್ನೆಗೆ ವಿಶ್ವವಿದ್ಯಾಲಯಗಳ ಅಧ್ಯಕ್ಷರು ಉತ್ತರಿಸಬೇಕು, ಟೀವಿಯವರಲ್ಲ.

2025ರ ಮಾರ್ಚ್‌ನಲ್ಲಿ ದಾವೆ ರಾಜಿಯಲ್ಲಿ ಮುಗಿಯಿತು. ಕೂಟ ಬಿಡುವ ಶುಲ್ಕ ವರ್ಷದಿಂದ ವರ್ಷಕ್ಕೆ ಇಳಿಯುತ್ತ 2030-31ರ ಹೊತ್ತಿಗೆ 7.5 ಕೋಟಿ ಡಾಲರ್‌ಗೆ ಬರಲಿದೆ. ಅದಕ್ಕಿಂತ ಮುಖ್ಯವಾದದ್ದು ಹಣ ಹಂಚುವ ಹೊಸ ಸೂತ್ರ. ಅದುವರೆಗೆ ಕೂಟದ ಟೀವಿ ಆದಾಯ ಹೆಚ್ಚುಕಡಿಮೆ ಸಮಪಾಲಾಗುತ್ತಿತ್ತು. ಇನ್ನು ಮೇಲೆ ಅದರ ದೊಡ್ಡ ಭಾಗ ಯಾವ ತಂಡದ ಪಂದ್ಯವನ್ನು ಎಷ್ಟು ಮಂದಿ ಟೀವಿಯಲ್ಲಿ ನೋಡಿದರು ಎಂಬ ಹಲವು ವರ್ಷಗಳ ಸರಾಸರಿಯ ಮೇಲೆ ಹಂಚಿಕೆಯಾಗುತ್ತದೆ. ಗೆದ್ದರೂ ಬೆಲೆ ಸಿಗಲಿಲ್ಲ ಎಂದು ಆರಂಭವಾದ ಹೋರಾಟ ಗೆಲುವಿಗೆ ಬೆಲೆ ಕೊಡಿ ಎಂದು ಮುಗಿಯಲಿಲ್ಲ. ನಮ್ಮನ್ನು ನೋಡುವವರು ಹೆಚ್ಚು, ಅದಕ್ಕೆ ಬೆಲೆ ಕೊಡಿ ಎಂದು ಮುಗಿಯಿತು. ತಾನು ಯಾವ ತಕ್ಕಡಿಯಿಂದ ಪೆಟ್ಟು ತಿಂದೆನೆಂದು ಫ್ಲಾರಿಡಾ ಸ್ಟೇಟ್ ದೂರಿತೋ ಅದೇ ತಕ್ಕಡಿಯನ್ನು ತನ್ನ ಕೂಟದ ಸಣ್ಣ ವಿಶ್ವವಿದ್ಯಾಲಯಗಳ ಮುಂದೆ ತಂದಿಟ್ಟಿದೆ. ವೇಕ್ ಫಾರೆಸ್ಟ್‌ನಂಥ ಚಿಕ್ಕ ಸಂಸ್ಥೆಯ ತಂಡ ನಾಳೆ ಎಲ್ಲ ಪಂದ್ಯ ಗೆದ್ದರೂ, ದೊಡ್ಡ ಊರು, ದೊಡ್ಡ ಅಭಿಮಾನಿ ಬಳಗವಿಲ್ಲದ ಅದಕ್ಕೆ ಈ ಭಾಗದಲ್ಲಿ ಸಿಗುವ ಪಾಲು ಸಣ್ಣದೇ.

ಮೈದಾನದ ಕಥೆ ಬೇರೆಯೇ ಆಯಿತು. 2024ರ ಜನವರಿಯಲ್ಲಿ ಅಲಬಾಮಾದ ನಿಕ್ ಸೇಬನ್ ನಿವೃತ್ತರಾದಾಗ ಅವರ ಸ್ಥಾನಕ್ಕೆ ನಾರ್ವೆಲ್ ಹೆಸರು ಕೇಳಿಬಂತು. ಅವರನ್ನು ಉಳಿಸಿಕೊಳ್ಳಲು ಫ್ಲಾರಿಡಾ ಸ್ಟೇಟ್ ವರ್ಷಕ್ಕೆ 1 ಕೋಟಿ ಡಾಲರ್‌ಗೂ ಮೀರಿದ ಎಂಟು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಆ ವರ್ಷ ಐರ್ಲೆಂಡಿನ ಡಬ್ಲಿನ್‌ನಲ್ಲಿ ಜಾರ್ಜಿಯಾ ಟೆಕ್ ಎದುರು ಸೋಲಿನೊಂದಿಗೆ ಆರಂಭಿಸಿದ ತಂಡ ಹನ್ನೆರಡರಲ್ಲಿ ಎರಡೇ ಪಂದ್ಯ ಗೆದ್ದಿತು. 2025ರಲ್ಲಿ ಮೊದಲ ಪಂದ್ಯದಲ್ಲೇ ಅಲಬಾಮಾವನ್ನು 31-17ರಿಂದ ಸೋಲಿಸಿ ಹಳೆಯ ಸೇಡು ತೀರಿಸಿಕೊಂಡಿತಾದರೂ ಋತು ಮುಗಿಯುವ ಹೊತ್ತಿಗೆ ಗೆಲುವಿಗಿಂತ ಸೋಲೇ ಹೆಚ್ಚಾಗಿತ್ತು.

ಆಟಗಾರರಿಗೆ ಈ ಹಣದಲ್ಲಿ ಪಾಲು ಸಿಕ್ಕದ್ದು ಬಹಳ ತಡವಾಗಿ. 2021ರ ಜುಲೈವರೆಗೂ ತನ್ನ ಹೆಸರು, ಚಿತ್ರ ಬಳಸಿ ಜಾಹೀರಾತಿನಿಂದ ಹಣ ಪಡೆದರೆ ವಿದ್ಯಾರ್ಥಿ ಅನರ್ಹನಾಗುತ್ತಿದ್ದ. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿಗೆ ನೀಡಿದ ರಾಜಿ ಸೂತ್ರದಂತೆ ಹಿಂದಿನ ಆಟಗಾರರಿಗೆ 280 ಕೋಟಿ ಡಾಲರ್ ಬಾಕಿ ಪಾವತಿಯಾಗಬೇಕು. ಪ್ರತಿ ವಿಶ್ವವಿದ್ಯಾಲಯ ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಕೊಡಬಹುದು. ‘ಹವ್ಯಾಸಿ ವಿದ್ಯಾರ್ಥಿ ಕ್ರೀಡಾಪಟು’ ಎಂಬ ಪದಪುಂಜವನ್ನು ಇನ್ನು ಶಬ್ದಕೋಶಕ್ಕೆ ಒಪ್ಪಿಸಬಹುದು. ಇದನ್ನು ಪತನವೆಂದು ಮರುಗುವವರಿದ್ದಾರೆ. ಅವರ ಸಾಲಿನಲ್ಲಿ ನಾನಿಲ್ಲ. ತರಬೇತುದಾರನಿಗೆ ಕೋಟಿ ಡಾಲರ್ ಕೊಡುವ ಸಂಸ್ಥೆ ಕಾಲು ಮುರಿದುಕೊಳ್ಳುವ ಹುಡುಗನಿಗೆ ಶುಲ್ಕ ವಿನಾಯಿತಿಯೇ ಸಾಕೆನ್ನುತ್ತಿದ್ದ ಕಾಲ ಯಾವ ರೀತಿಯಲ್ಲೂ ಹೆಚ್ಚು ಪವಿತ್ರವಾಗಿರಲಿಲ್ಲ.

2024ರಿಂದ ಪ್ಲೇ-ಆಫ್ 12 ತಂಡಗಳಿಗೆ ವಿಸ್ತಾರವಾಗಿದೆ. 2024 ಮತ್ತು 2025ರಲ್ಲಿ ಶ್ರೇಯಾಂಕದಲ್ಲಿ ಮೇಲಿದ್ದ ಐದು ಕೂಟಗಳ ಚಾಂಪಿಯನ್‌ಗಳಿಗೆ ಸ್ಥಾನ ಖಚಿತವಾಗಿತ್ತು. ಈ ನಿಯಮ ಒಂದು ವರ್ಷ ಮೊದಲು ಬಂದಿದ್ದರೆ ಟಲಹಾಸಿಯ ತಂಡದ ಬಗ್ಗೆ ಚರ್ಚೆಯೇ ಇರುತ್ತಿರಲಿಲ್ಲ. 2026ರಿಂದ ಆರು ವರ್ಷಗಳ ಪ್ರಸಾರಕ್ಕೆ ಇಎಸ್‌ಪಿಎನ್ ಒಪ್ಪಿರುವ ಮೊತ್ತ 780 ಕೋಟಿ ಡಾಲರ್. ಆದರೆ ಸಾಲು ಉದ್ದವಾದರೆ ಕೊನೆಯ ಜಾಗದ ಜಗಳ ನಿಲ್ಲುವುದಿಲ್ಲ, ಸ್ಥಳ ಬದಲಿಸುತ್ತದೆ ಅಷ್ಟೆ. 2025ರ ಡಿಸೆಂಬರ್‌ನಲ್ಲಿ ವಾರಗಟ್ಟಲೆ ಮಯಾಮಿಗಿಂತ ಮೇಲಿಟ್ಟಿದ್ದ ನಾಟರ್ ಡೇಮ್ ತಂಡವನ್ನು ಸಮಿತಿ ಕೊನೆಯ ದಿನ ಕೆಳಗಿಳಿಸಿ ಮಯಾಮಿಯನ್ನು ಒಳಗೆ ತೆಗೆದುಕೊಂಡಿತು. ಆ ವಾರಾಂತ್ಯ ಎರಡೂ ತಂಡಗಳು ಆಡಿಯೇ ಇರಲಿಲ್ಲ. ಆಗಸ್ಟ್ 31ರಂದು ಇವೆರಡರ ನಡುವೆ ನಡೆದ ಪಂದ್ಯವನ್ನು ಮಯಾಮಿ ಗೆದ್ದಿತ್ತು. ಆ ಫಲಿತಾಂಶದ ತೂಕ ಸಮಿತಿಗೆ ಡಿಸೆಂಬರ್‌ನಲ್ಲಿ ಹೊಳೆಯಿತು. ಸಿಟ್ಟಾದ ನಾಟರ್ ಡೇಮ್ ಬೇರಾವ ಬೌಲ್ ಪಂದ್ಯವನ್ನೂ ಆಡುವುದಿಲ್ಲವೆಂದಿತು. ಕಟ್ಟಕಡೆಗೆ ಒಳಬಂದ ಮಯಾಮಿ ಫೈನಲ್ ತನಕ ಹೋಯಿತು.

ಗಾಯಗೊಂಡು ಊರುಗೋಲು ಹಿಡಿದಿದ್ದ ಜೋರ್ಡನ್ ಟ್ರಾವಿಸ್ ಆಯ್ಕೆ ಪ್ರಕಟವಾದ ದಿನವೇ, ತನ್ನ ಕಾಲು ಋತುವಿನ ಮೊದಲಲ್ಲೇ ಮುರಿದಿದ್ದರೆ ಚೆನ್ನಾಗಿತ್ತು, ತಂಡವೆಂದರೆ ತಾನೊಬ್ಬನೇ ಅಲ್ಲವೆಂಬುದು ಆಗ ಎಲ್ಲರಿಗೂ ಕಾಣುತ್ತಿತ್ತು ಎಂಬರ್ಥದ ಮಾತನ್ನು ಬರೆದುಕೊಂಡಿದ್ದ. 2024ರಲ್ಲಿ ನ್ಯೂಯಾರ್ಕ್ ಜೆಟ್ಸ್ ಅವನನ್ನು ಐದನೆಯ ಸುತ್ತಿನಲ್ಲಿ ಆರಿಸಿತು. ಆದರೆ ಕಾಲು ಪೂರ್ತಿ ವಾಸಿಯಾಗಲಿಲ್ಲ. ಒಂದೂ ವೃತ್ತಿಪರ ಪಂದ್ಯ ಆಡದೆ 2025ರ ಏಪ್ರಿಲ್‌ನಲ್ಲಿ ಅವನು ನಿವೃತ್ತಿ ಘೋಷಿಸಿದ. ವಿಶ್ವವಿದ್ಯಾಲಯ ಮತ್ತು ಕೂಟದ ನಡುವಿನ ರಾಜಿಗೆ ಸಹಿ ಬಿದ್ದು ಆಗ ತಿಂಗಳು ಕಳೆದಿತ್ತು.